ಮೀನುಗಳ ಸಮೀಕ್ಷೆಯಿಂದ ಹಳ್ಳದ ಆರೋಗ್ಯ ತಿಳಿಯುತ್ತದೆಯೇ?

ಪ್ರಶ್ನೆ: ಹಳ್ಳದ ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬಂದಮೇಲೂ ಮೀನುಗಳ ಸಮೀಕ್ಷೆ ಏಕೆ ಬೇಕು?

ಉತ್ತರ 1: ನೀರಿನ ಮಾದರಿ ಹೇಳುವುದು ಅದನ್ನು ತುಂಬಿಕೊಂಡ ಹೊತ್ತಿನ ಸ್ಥಿತಿಯನ್ನು ಮಾತ್ರ. ವರ್ಷಗಟ್ಟಲೆ ಅಲ್ಲೇ ಬದುಕುವ ಮೀನುಗಳಾದರೋ, ಹಿಂದೊಮ್ಮೆ ಆಮ್ಲಜನಕ ಕುಸಿದದ್ದನ್ನೂ, ಕಲ್ಲುಗಳ ಸಂದಿಯಲ್ಲಿ ಹೂಳು ತುಂಬಿ ಮೊಟ್ಟೆಯಿಡಲು ಜಾಗವಿಲ್ಲದಂತಾದದ್ದನ್ನೂ ತಮ್ಮ ಇರುವಿಕೆಯಿಂದ ಇಲ್ಲವೇ ಗೈರುಹಾಜರಿಯಿಂದ ತೋರಿಸಿಕೊಡುತ್ತವೆ. ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲಿ ಮಂಡಿಸಿದ, ಮೀನುಗಳನ್ನು ನೋಡಿ ಹಳ್ಳದ ಆರೋಗ್ಯ ಅಳೆಯುವ ಜೈವಿಕ ಸಮಗ್ರತೆಯ ಸೂಚ್ಯಂಕದಲ್ಲಿ, ಮೀನುಗಳ ಜಾತಿ, ಸಂಖ್ಯೆ, ಆರೋಗ್ಯದಂಥ 12 ಅಂಶಗಳಿಗೆ ತಲಾ 1, 3 ಅಥವಾ 5 ಅಂಕ ಕೊಟ್ಟು ಕೂಡುತ್ತಾರೆ; ಗರಿಷ್ಠ 60.

ಉತ್ತರ 2: ಬರಿಯ ಎಣಿಕೆಯನ್ನು ನಂಬಬೇಡಿ. ಕೊಳಚೆ ಸೇರಿದ ಹಳ್ಳದಲ್ಲೂ ಬಲೆ ತುಂಬ ಮೀನು ಸಿಗಬಹುದು, ಆದರೆ ಅವೆಲ್ಲ ಮಾಲಿನ್ಯ ತಾಳಿಕೊಳ್ಳುವ ಒಂದೆರಡು ಜಾತಿಯವು. ಕೈಗೆತ್ತಿಕೊಂಡು ನೋಡಿದರೆ ಈಜುರೆಕ್ಕೆಯ ಅಂಚು ಸವೆದು, ಮೈಮೇಲೆ ಹುಣ್ಣುಗಳಿರಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ಅಂಕ ಕೊಡುವಾಗ ಹೋಲಿಕೆಗೆ ಯಾವ ಹಳ್ಳವನ್ನು ಆಧಾರವಾಗಿಟ್ಟುಕೊಳ್ಳಬೇಕು?

ಉತ್ತರ 1: ಅದೇ ಸೀಮೆಯ, ಅಷ್ಟೇ ಗಾತ್ರದ, ಹೆಚ್ಚು ಕೆಡದ ಹಳ್ಳವನ್ನು.