ದಾರಿ ಇಲ್ಲದ ಗುಡ್ಡಕ್ಕೆ ಯಾವ ಜಿಪಿಎಸ್?

ಗುಡ್ಡಸುತ್ತು (ಬೆಳಗಾವಿ):
ಜಾಂಬೋಟಿ-ಕಣಕುಂಬಿ ಕಡೆಯ ಕಾಡು, ಬಾದಾಮಿಯ ಬಂಡೆಗುಡ್ಡ, ಎರಡೂ ಕಡೆ ಕಾಲುದಾರಿ ಬಿಟ್ಟು ನಡೆಯಲು ಜಿಪಿಎಸ್ ಬೇಕು. ಗಾರ್ಮಿನ್ ಇಟ್ರೆಕ್ಸ್ ಎಸ್‌ಇ, ಇಟ್ರೆಕ್ಸ್ 32ಎಕ್ಸ್, ಜಿಪಿಎಸ್‌ಮ್ಯಾಪ್ 67, ಈ ಮೂರರಲ್ಲಿ ಯಾವುದು? ಎರಡು ರಾತ್ರಿ ಚಾರ್ಜಿಂಗ್ ಸಿಗುವುದಿಲ್ಲ. ಫೋನೇ ಸಾಕು ಅನ್ನುವವರು ಕಾರಣ ಹೇಳಿ.

ಕಲ್ಲುಮೆಟ್ಟು:
ಎಸ್‌ಇ ಮೊದಲ ಬಿಡ್ರಿ. ಎರಡು ಪೆನ್ಸಿಲ್ ಸೆಲ್ಲಿನ ಮ್ಯಾಲ 168 ತಾಸು ನಡೀತೈತಿ ಅಂತಾರ, ಆದ್ರ ಅದರಾಗ ನಕಾಶೆನ ಇಲ್ಲ. ದಾರಿ ಬಿಟ್ಟು ನಡಿಯೋರಿಗೆ ಎತ್ತರದ ಗೆರಿ (ಒಂದ ಎತ್ತರದ ಜಾಗ ಕೂಡಸೂ ಗೆರಿ) ಕಾಣಬೇಕು.

32ಎಕ್ಸ್ ಸಾಕು. ಕಂಪನಿ ಲೆಕ್ಕ 25 ತಾಸು. ದಿನಾ ಹತ್ತು ತಾಸು ಚಾಲೂ ಇಟ್ರ ಮೂರು ದಿನಕ್ಕ ಒಂದ ಜೋಡಿ ಸಾಲೂದಿಲ್ಲ, ಚೀಲದಾಗ ಇನ್ನೆರಡು ಜೋಡಿ ಇಟ್ಕೋರಿ. ರೀಚಾರ್ಜ್ ಸೆಲ್ ಹಾಕಿದ್ರ ಸೆಟಿಂಗ್ಸ್‌ನಾಗ ಬ್ಯಾಟರಿ ನಮೂನಿ ನಿಕಲ್ ಮೆಟಲ್ ಹೈಡ್ರೈಡ್ ಅಂತ ಬದಲಿಸ್ರಿ. ಆ ಸೆಲ್ 1.2 ವೋಲ್ಟಿಂದು, ಅಲ್ಕಲೈನ್ 1.5. ಬದಲಿಸದಿದ್ರ ಚಾರ್ಜ್ ಇದ್ರೂ ಖಾಲಿ ಅಂತ ತೋರಸ್ತೈತಿ. ಸೆಲ್ ಬದಲಿಸಿದ ಮ್ಯಾಲ ದಿಕ್ಸೂಚಿ ಕ್ಯಾಲಿಬ್ರೇಟ್ ಮಾಡೂದು ಮರೀಬ್ಯಾಡ್ರಿ.

ಅಗ್ಗಕ್ಕ ಸಿಕ್ತು ಅಂತ ಇಟ್ರೆಕ್ಸ್ 22ಎಕ್ಸ್ ತಗೋಬ್ಯಾಡ್ರಿ. ಅದರ ದಿಕ್ಸೂಚಿ ನಡಿವಾಗಷ್ಟ ಖರೆ ಹೇಳತೈತಿ. ಪೊದಿಯೊಳಗ ಹೆಜ್ಜಿಗೊಮ್ಮೆ ನಿಲ್ಲೂವಾಗ ಏನು ಉಪಯೋಗ?

ಬಂಡೆನೆರಳು (ಬಾಗಲಕೋಟೆ):
ಬಾದಾಮಿಯೇ ಮುಖ್ಯವಾದರೆ ಹಣ ಹೊಂದಿಸಿ 67 ನೋಡಿ. ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಬಂಡೆಗೆ ಬಡಿದು ಸುತ್ತಿ ಬಂದ ಸಿಗ್ನಲ್ ನಿಮ್ಮನ್ನು ಪಕ್ಕದ ಕೊರಕಲಿನಲ್ಲಿ ನಿಲ್ಲಿಸಿ ತೋರಿಸುತ್ತದೆ. 67 ಉಪಗ್ರಹದ ಎಲ್1 ಜೊತೆಗೆ ಎಲ್5 ಎಂಬ ಎರಡನೆಯ ತರಂಗವನ್ನೂ ಹಿಡಿಯುವುದರಿಂದ ಈ ತಪ್ಪು ಕಡಿಮೆ. ಒಳಗಿನ ಬ್ಯಾಟರಿ 180 ತಾಸಿನದು, ಆದರೆ ತೆಗೆದು ಬೇರೆ ಹಾಕಲಾಗದು.

ಇನ್ನೊಂದು, ಇದು ಯಾವ ಸಾಧನಕ್ಕೂ ಅನ್ವಯ: ಎತ್ತರದಲ್ಲಿ 20 ಮೀಟರಿಗೊಂದು ಗೆರೆ ಇರುವ ನಕ್ಷೆಯಲ್ಲಿ 15 ಮೀಟರಿನ ನೆಟ್ಟನೆ ಬಂಡೆ ಕಾಣದೇ ಹೋಗಬಹುದು. ‘ನೇರ ಹೋಗು’ ಬಾಣ ನಿಮ್ಮನ್ನು ಅದರ ಅಂಚಿಗೇ ಒಯ್ಯುತ್ತದೆ. ಮನೆಯಲ್ಲೇ ಉಪಗ್ರಹ ಚಿತ್ರ ನೋಡಿ ಇಳಿಯುವ ಜಾಗಗಳನ್ನು ಬಿಂದುಗಳಾಗಿ ಗುರುತಿಸಿ, ಒಂದರಿಂದೊಂದಕ್ಕೆ ನಡೆಯಿರಿ.

ನಕ್ಷೆಹುಚ್ಚ (ವಿಜಯಪುರ):
ಫೋನ್ ಬೇಸಿಗೆಯ ಬಂಡೆಯ ಮೇಲೆ ಕೈಕೊಡುತ್ತದೆ. ಐಫೋನಿಗೆ ಆಪಲ್ ಹೇಳುವ ಮಿತಿಯೇ 35 ಡಿಗ್ರಿ, ನಮ್ಮ ಏಪ್ರಿಲ್ 40 ದಾಟುತ್ತದೆ. ಮಳೆಗಾಲದ ಕಣಕುಂಬಿಯಲ್ಲಿ ಒದ್ದೆ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಗುಂಡಿ ಇರುವ ಸಾಧನಕ್ಕೆ ಆ ತಾಪತ್ರಯವಿಲ್ಲ. ಆದರೂ ಎರಡನೆಯ ಆಸರೆಯಾಗಿ ಫೋನ್ ಇರಲಿ: ನಕ್ಷೆಯ ಆ್ಯಪ್ ಆದ ಓಎಸ್‌ಎಮ್‌ಆಂಡ್‌ನಲ್ಲಿ ನಕ್ಷೆ ಮತ್ತು ಎತ್ತರದ ಗೆರೆ ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿಡಿ, ಜಿಪಿಎಸ್ ಆಗಲೂ ನಡೆಯುತ್ತದೆ.

ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಡೇಟಮ್‌ನವು (ಡೇಟಮ್ ಅಂದರೆ ಅಕ್ಷಾಂಶ-ರೇಖಾಂಶ ಅಳೆಯುವ ಆಧಾರ). ಅವುಗಳಿಂದ ಓದಿದ ಅಕ್ಷಾಂಶ-ರೇಖಾಂಶವನ್ನು ಜಿಪಿಎಸ್ ಬಳಸುವ ಡೇಟಮ್ ಆದ ಡಬ್ಲ್ಯುಜಿಎಸ್ 84ಕ್ಕೆ ಇಟ್ಟ ಸಾಧನಕ್ಕೆ ಹಾಗೇ ಹಾಕಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಅದೇ ಸಂಸ್ಥೆಯ ಓಪನ್ ಸೀರೀಸ್ ಹಾಳೆ ಡಬ್ಲ್ಯುಜಿಎಸ್ 84ರದ್ದೇ, ಅದನ್ನೇ ಬಳಸಿ. ಯುಟಿಎಮ್ (ಜಾಗವನ್ನು ಮೀಟರಿನಲ್ಲಿ ಹೇಳುವ ಚೌಕಜಾಲ) ಬಳಸುವವರು ಗಮನಿಸಿ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗೆ ವಲಯ 43, ಆದರೆ 16 ಡಿಗ್ರಿ ಅಕ್ಷಾಂಶದಲ್ಲಿ ಅಕ್ಷರ ಬದಲಾಗುತ್ತದೆ. ಬಾದಾಮಿ 43ಪಿ, ಬಾಗಲಕೋಟೆ ಊರು 43ಕ್ಯೂ.

ಗುಡ್ಡಸುತ್ತು (ಬೆಳಗಾವಿ):
67ರ ಬದಲು 67ಐ ತರಿಸಬಹುದೇ? ಸಿಗ್ನಲ್ ಇಲ್ಲದ ಕಡೆಯಿಂದ ಮೆಸೇಜ್ ಹೋಗುತ್ತದಂತೆ.

ಕಲ್ಲುಮೆಟ್ಟು:
ಬ್ಯಾಡ್ರಿ. ಆ ‘ಐ’ ಅಂದ್ರ ಇನ್‌ರೀಚ್, ಇರಿಡಿಯಮ್ ಉಪಗ್ರಹದ ಮ್ಯಾಲ ಮೆಸೇಜ್ ಕಳಸೂ ಸವಲತ್ತು. ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದ ಅದನ್ನ ಇಟ್ಕೊಳ್ಳೂದ ಅಪರಾಧ. ಗೋವಾ ವಿಮಾನ ನಿಲ್ದಾಣದಾಗ ಇಂಥದ್ದು ಸಿಕ್ಕ ವಿದೇಶಿ ಪ್ರವಾಸಿಗರನ್ನ ಹಿಡಿದಾರ. ಬರೇ 67ಕ್ಕ ಆ ಭಾನಗಡಿ ಇಲ್ಲ. ಹೊರಡೂ ಮೊದಲು ನಡಿಯೋ ಗೆರಿಯ ಜಿಪಿಎಕ್ಸ್ ಫೈಲು ಮತ್ತ ತಿರುಗಿ ಬರೋ ಹೊತ್ತು ಮನ್ಯಾಗೊಬ್ಬರಿಗೆ ಕೊಟ್ಟು ಹೋಗ್ರಿ. ಭೀಮಗಡ ವನ್ಯಜೀವಿಧಾಮದ ಗಡಿನೂ ನಕಾಶೆದಾಗ ಹಾಕ್ಕೋರಿ, ಅರಣ್ಯ ಇಲಾಖೆ ಪರವಾನಗಿ ಇಲ್ಲದ ಅದರೊಳಗ ಕಾಲಿಡೂಹಂಗಿಲ್ಲ.