ಉಸುಕಿನ ಬ್ಲಾಸ್ಟಿಂಗ್ ಬಿಟ್ಟವರು ಅನುಭವ ತಿಳಿಸಿ

ಕೇಳಿದವರು, ಗಿಣಿಗೇರಿ, ಕೊಪ್ಪಳ: ನಮ್ಮ ಶೆಡ್ಡಿನಲ್ಲಿ ಟ್ಯಾಂಕು, ಪೈಪುಗಳಿಗೆ ಬಣ್ಣ ಹೊಡೆಯುವ ಮುನ್ನ ಹೊಳೆಯ ಉಸುಕಿನಿಂದಲೇ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಿಂದ ಉಸುಕು ಸಿಡಿಸಿ ತುಕ್ಕು, ಹಳೆ ಬಣ್ಣ ಕೀಳುವುದು) ಮಾಡಿಸುತ್ತಿದ್ದೇವೆ. ಹುಡುಗರ ಎದೆಗೆ ಉಸುಕಿನಲ್ಲಿರುವ ಸಿಲಿಕಾದ ಧೂಳು ಇಳಿಯುತ್ತದೆಂಬ ಭಯವಿದೆ. ಉಸುಕನ್ನೇ ಬಿಡಬೇಕೋ, ಗಾಳಿ ಹಾಯಿಸುವ ಹೆಲ್ಮೆಟ್ ಕೊಡಿಸಿದರೆ ಸಾಕೋ?

ತೋರಣಗಲ್ಲಿನ ಗುತ್ತಿಗೆದಾರ: ನಾನು ಉಸುಕು ಬಿಟ್ಟು ಸ್ಟೀಲ್ ಗ್ರಿಟ್ಟಿಗೆ (ಉಕ್ಕಿನ ಸಣ್ಣ ಕಾಳುಗಳಿಗೆ) ಹೋದೆ, ಅದೇ ಸರಿಯೆಂದು ಇಂದಿಗೂ ಹೇಳುತ್ತೇನೆ. ಮುಚ್ಚಿದ ಕೋಣೆ, ಧೂಳು ಹೀರುವ ಬ್ಲೋವರ್, ಚೀಲದ ಫಿಲ್ಟರು, ಬಿದ್ದ ಗ್ರಿಟ್ಟನ್ನು ಮೇಲೆತ್ತುವ ಎಲಿವೇಟರ್ ಸೇರಿ 14 ಲಕ್ಷ ರೂಪಾಯಿ ಹೋಯಿತು. ಬ್ಯಾಂಕು ಕೊಟ್ಟದ್ದು 9 ಲಕ್ಷ, ಉಳಿದದ್ದಕ್ಕೆ ಮನೆಯವರ ಬಂಗಾರ ಅಡವಿಟ್ಟೆ. ಗ್ರಿಟ್ ಕಿಲೋಗೆ 70 ರೂಪಾಯಿ ಬಿತ್ತು. ಮೊದಲ ಮಳೆಗಾಲದಲ್ಲಿ ಶೀಟಿನ ಸಂದಿಯಿಂದ ನೀರಿಳಿದು, ಹಾಪರಿನಲ್ಲಿದ್ದ ಗ್ರಿಟ್ಟೆಲ್ಲ ತುಕ್ಕು ಹಿಡಿದು ಬೆಲ್ಲದ ಪೆಂಟೆಯಂತೆ ಗಟ್ಟಿಯಾಯಿತು; ಸುತ್ತಿಗೆಯಿಂದ ಒಡೆದು ತೆಗೆಸಿದೆ. ಆದರೂ ಉಸುಕು ಒಂದೇ ಹೊಡೆತಕ್ಕೆ ಪುಡಿಯಾಗುತ್ತದೆ, ಗ್ರಿಟ್ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಸ್ಲ್ಯಾಗ್ (ಲೋಹ ಕರಗಿಸಿದಾಗ ಉಳಿಯುವ ಕಿಟ್ಟ) ಬಳಸಿ ಎನ್ನುವವರ ಮಾತು ಕೇಳಬೇಡಿ.

ಬಳ್ಳಾರಿಯ ಪೇಂಟಿಂಗ್ ಗುತ್ತಿಗೆದಾರ: ಈ ಮಾತು ನನಗೇ ಹೇಳಿದ್ದೆಂದು ತಿಳಿದೇ ಉತ್ತರಿಸುತ್ತಿದ್ದೇನೆ. ಸೈಟಿನಲ್ಲಿ ನಿಂತಿರುವ ಟ್ಯಾಂಕನ್ನು ಕಿತ್ತು ನಿಮ್ಮ ಕೋಣೆಗೆ ತರಲಾಗುತ್ತದೆಯೇ? ನಾನು ಕಾಪರ್ ಸ್ಲ್ಯಾಗ್ ಬಳಸಿದೆ. ಅದರಲ್ಲಿ ಬಿಡಿ ಸಿಲಿಕಾ (ಬೇರೆ ವಸ್ತುವಿನೊಂದಿಗೆ ಬೆಸೆದುಕೊಳ್ಳದ ಸಿಲಿಕಾ) ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ತೂತುಕುಡಿಯ ತಾಮ್ರದ ಕಾರ್ಖಾನೆ 2018ರಲ್ಲಿ ಮುಚ್ಚಿದ ಮೇಲೆ ನನಗೆ ಲೋಡು ಸಿಗುವುದೇ ಕಷ್ಟವಾಗಿ, ಕಿಲೋಗೆ 18 ರೂಪಾಯಿಯಂತೆ ಗಾರ್ನೆಟ್ ಎಂಬ ಖನಿಜದ ಕಾಳು ತರಿಸಿದೆ. ಲಾರಿ ಬಾಡಿಗೆ, ಹಮಾಲಿ, ಸುತ್ತ ಕಟ್ಟುವ ತಾಡಪಾಲು ಬೇರೆ.

ತೋರಣಗಲ್ಲಿನ ಗುತ್ತಿಗೆದಾರ: ಸ್ಲ್ಯಾಗಿನಲ್ಲಿ ಆರ್ಸೆನಿಕ್, ಬೆರಿಲಿಯಂ ಅಂಶಗಳಿರಬಹುದೆಂಬುದನ್ನು ಯಾಕೆ ಬಚ್ಚಿಡುತ್ತೀರಿ?

ಬಳ್ಳಾರಿಯ ಪೇಂಟಿಂಗ್ ಗುತ್ತಿಗೆದಾರ: ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಯಾವುದರಿಂದ ಹೊಡೆದರೂ ಅದು ಧೂಳಾಗಿ ಏಳುತ್ತದೆ. ನಿಮ್ಮ ಗ್ರಿಟ್ಟಿಗೆ ಅದರಿಂದ ವಿನಾಯಿತಿ ಇದೆಯೇ?

ಸಿಂಧನೂರಿನಿಂದ, ಒಬ್ಬ ಕಾರ್ಮಿಕನ ಅಕ್ಕ: ಅಣ್ಣಂದಿರೇ, ನೀವಿಬ್ಬರೂ ಮಾಲಿನ ದರದಲ್ಲೇ ಇದ್ದೀರಿ. ನನ್ನ ತಮ್ಮ ನಾಝಲ್ (ಉಸುಕು ಚಿಮ್ಮುವ ಕೊಳವೆಯ ಮೂತಿ) ಹಿಡಿದವನೇ ಅಲ್ಲ. ಪಾಟಿಗೆ, ಅಂದರೆ ಬ್ಲಾಸ್ಟಿಂಗ್ ಯಂತ್ರದ ತೊಟ್ಟಿಗೆ, ಉಸುಕು ಸುರಿಯುವುದು, ಸಂಜೆ ಒಣ ಪೊರಕೆಯಿಂದ ಶೆಡ್ಡು ಗುಡಿಸುವುದು ಅವನ ಕೆಲಸ. ಹೆಲ್ಮೆಟ್ ಇದ್ದದ್ದು ನಾಝಲಿನವನಿಗೆ ಮಾತ್ರ. ಇವನಿಗೆ ಮುಖಕ್ಕೆ ಸುತ್ತಿದ ಟವೆಲ್ಲೇ ಗತಿ. ದಮ್ಮು ಹತ್ತಿದಾಗ, ಕಫದಲ್ಲಿ ಏನೂ ಸಿಗದಿದ್ದರೂ ಟಿಬಿಯ ಗುಳಿಗೆ ನುಂಗಿಸಿದರು. ಕೊನೆಗೆ ಒಬ್ಬ ಡಾಕ್ಟರು ಏನು ಕೆಲಸವೆಂದು ಕೇಳಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಯ ಮೇಲ್ಭಾಗದ ಸಣ್ಣ ಸಣ್ಣ ಗಂಟುಗಳನ್ನು ತೋರಿಸಿದರು. ಸಿಲಿಕಾ ಧೂಳಿನಿಂದ ಬರುವ ಈ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಆಕ್ಸಿಜನ್ ಯಂತ್ರಕ್ಕೆ 45,000, ಸ್ಕ್ಯಾನಿಗೆ 4,500, ಜತೆಗೆ ತಿಂಗಳ ಕರೆಂಟು ಬಿಲ್ಲು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಈ ರೋಗವಿತ್ತು, ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ತಮ್ಮನ ಹೆಸರೇ ಇರಲಿಲ್ಲ.

ನಿವೃತ್ತ ಸುರಕ್ಷತಾ ಅಧಿಕಾರಿ, ಬಳ್ಳಾರಿ: ಸಿಂಧನೂರಿನ ಅಕ್ಕ ಹೇಳಿದ್ದೇ ಮುಖ್ಯ. ಬ್ರಿಟನ್ 1949ರ ನಿಯಮದಲ್ಲೇ ಕಾರ್ಖಾನೆಯ ಬ್ಲಾಸ್ಟಿಂಗಿಗೆ ಉಸುಕನ್ನು ನಿಷೇಧಿಸಿತು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1974ರಲ್ಲಿ, ಶೇಕಡಾ 1ಕ್ಕಿಂತ ಹೆಚ್ಚು ಬಿಡಿ ಸಿಲಿಕಾ ಇರುವ ಯಾವುದನ್ನೂ ಬಳಸಬಾರದೆಂದಿತು. ಇನ್ನು ಹೆಲ್ಮೆಟ್ಟಿನ ಮಾತು. ಅದಕ್ಕೆ ಗಾಳಿ ಕೊಡುವ, ಎಣ್ಣೆ ಹಾಕುವ ಕಂಪ್ರೆಸರ್ ಅತಿಯಾಗಿ ಕಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟಬಹುದು. ಸಾಮಾನ್ಯ ಫಿಲ್ಟರು ಎಣ್ಣೆಯ ಹನಿಯನ್ನು ತಡೆದೀತು, ಆ ಅನಿಲವನ್ನು ತಡೆಯದು. ನನ್ನ ಸೇವೆಯಲ್ಲಿ, ಡೀಸೆಲ್ ಕಂಪ್ರೆಸರಿನ ಹೊಗೆಕೊಳವೆಯ ಪಕ್ಕದಲ್ಲೇ ಉಸಿರಾಟದ ಗಾಳಿ ಎಳೆಯುತ್ತಿದ್ದುದನ್ನು ಕಂಡು ಕೆಲಸವನ್ನೇ ನಿಲ್ಲಿಸಿದ್ದೆ, ಬೈಸಿಕೊಂಡೂ ಇದ್ದೆ.

ತೋರಣಗಲ್ಲಿನ ಗುತ್ತಿಗೆದಾರ: ಕೆಲಸ ನಿಲ್ಲಿಸುವುದು ಸುಲಭ ಸರ್, ಅಂದಿನ ಕೂಲಿ ಯಾರು ಕೊಟ್ಟರು?

ಸಿಂಧನೂರಿನ ಅಕ್ಕ: ನಮ್ಮ ಮನೆಯ ಕೂಲಿ ಶಾಶ್ವತವಾಗಿ ನಿಂತಿದೆ. ನಿಮ್ಮಲ್ಲಿ ಪಾಟು ತುಂಬುವವನಿಗೆ, ಗುಡಿಸುವವನಿಗೆ ಏನು ಕೊಟ್ಟಿದ್ದೀರಿ?

ತೋರಣಗಲ್ಲಿನ ಗುತ್ತಿಗೆದಾರ: ಕೋಣೆಯೊಳಗೆ ಕಾಲಿಡುವ ಪ್ರತಿಯೊಬ್ಬರಿಗೂ ರೆಸ್ಪಿರೇಟರ್ ಇದೆ, ಪೊರಕೆಯ ಬದಲು ವ್ಯಾಕ್ಯೂಮ್ ಇದೆ, ಹಾಜರಿಯಲ್ಲಿ ಎಲ್ಲರ ಹೆಸರೂ ಇದೆ. ವರ್ಷಕ್ಕೊಮ್ಮೆ ತೆಗೆಸುವ ಎಕ್ಸ್‌ರೇಯ ಫಿಲ್ಮನ್ನು ಅವರವರ ಕೈಗೇ ಕೊಡುತ್ತೇನೆ, ಕೆಲಸ ಬಿಟ್ಟು ಹೋದರೂ ಪುರಾವೆ ಅವರ ಬಳಿ ಇರಲೆಂದು.