ಪರದೆಯ ಮಡಿಕೆಯಲ್ಲಿ ಚಿಟ್ಟೆ ಇದೆ, ಹೊರಗೆ ಇಬ್ಬನಿ ಹೆಪ್ಪುಗಟ್ಟಿದೆ. ಬಿಡಲೋ ಬೇಡವೋ?

ಸಾಗರದಮ್ಮ (ಸದ್ಯ ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವಳು. ಆಗಸ್ಟ್‌ನಲ್ಲಿ ಮಗನ ಮನೆಗೆ ಬಂದೆ. ಹಗಲು ಮಗ, ಸೊಸೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳು ಶಾಲೆಗೆ. ನನಗೆ ಹಿತ್ತಿಲೇ ಜೊತೆ.

ಇಲ್ಲಿನ ಬೇಲಿಗೆ ಐವಿ ಅನ್ನುವ ಬಳ್ಳಿ ಹಬ್ಬಿದೆ. ಬೇರೆ ಹೂವೆಲ್ಲ ಮುಗಿಯುತ್ತಾ ಬಂದಾಗ ಇದು ಹೂ ಬಿಡಲು ಶುರು ಮಾಡಿತು. ನೋಡಲು ಏನೂ ಚಂದ ಇಲ್ಲ. ಹಸಿರು ಹಳದಿ ಬಣ್ಣದ ಸಣ್ಣ ಉಂಡೆಗಳು. ಆದರೆ ಬಿಸಿಲು ಬಿದ್ದರೆ ಸಾಕು, ಇಡೀ ಬೇಲಿ ಗುಂಯ್ ಅನ್ನುತ್ತಿತ್ತು. ಜೇನು, ಕಣಜ, ನೊಣ, ಅವುಗಳ ನಡುವೆ ಚಿಟ್ಟೆಗಳು. ಕಪ್ಪು ರೆಕ್ಕೆ, ಮೇಲೆ ಕೆಂಡದ ಬಣ್ಣದ ಪಟ್ಟಿ, ತುದಿಯಲ್ಲಿ ಬಿಳಿ ಚುಕ್ಕೆ. ರೆಡ್ ಅಡ್ಮಿರಲ್ ಅಂತ ಮೊಮ್ಮಗಳು ಹೇಳಿಕೊಟ್ಟಳು. ಪಕ್ಕದ ಮನೆಯವರ ಸೇಬಿನ ಮರದಿಂದ ಬಿದ್ದು ಕೊಳೆತ ಹಣ್ಣಿನ ಮೇಲೂ ಅವು ಕೂತು ರಸ ಹೀರುತ್ತಿದ್ದವು. ನಾನು ಎರಡು ಅಡಿ ದೂರದಲ್ಲಿ ನಿಂತರೂ ಹಾರುತ್ತಿರಲಿಲ್ಲ.

ಊರಿಂದ ತಂದ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಚಿಟ್ಟೆ ಲೆಕ್ಕ ಬರೆದಿಟ್ಟೆ. ಅಕ್ಟೋಬರ್ 12ಕ್ಕೆ ಒಂಬತ್ತು. 20ಕ್ಕೆ ಐದು. ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಿಟ್ಟರು, ಅಲ್ಲಿಂದ ಸಂಜೆ ಅನ್ನುವುದೇ ಇಲ್ಲವಾಯಿತು. ನವೆಂಬರ್ 2ಕ್ಕೆ ಎರಡು. 9ಕ್ಕೆ ಒಂದೇ ಒಂದು. ಅದು ಹೂವಿಗೂ ಹೋಗಲಿಲ್ಲ. ಹನ್ನೊಂದೂವರೆಗೆ ಇಟ್ಟಿಗೆ ಗೋಡೆಗೆ ಬಿಸಿಲು ಬಂತು, ಗೋಡೆಗೆ ಅಂಟಿಕೊಂಡು ರೆಕ್ಕೆ ಪೂರ್ತಿ ಬಿಚ್ಚಿ ಕೂತಿತು. ಮೋಡ ಮುಚ್ಚಿದ ಕೂಡಲೇ ಮುಚ್ಚಿಕೊಂಡಿತು, ಮತ್ತೆ ಬಿಚ್ಚಿತು. ಇಪ್ಪತ್ತು ನಿಮಿಷ ನೋಡಿದೆ. ಒಲೆ ಮೇಲೆ ಅನ್ನ ಇಟ್ಟಿದ್ದು ಮರೆತೇಹೋಗಿತ್ತು. ಆಮೇಲೆ ಬೇಲಿಯಲ್ಲಿ ಒಂದೂ ಕಂಡಿಲ್ಲ.

ಈಗ ನನ್ನ ಕಷ್ಟ ಬೇರೆ. ಮೂರು ದಿನದಿಂದ ಮನೆಯಲ್ಲಿ ಹೀಟರ್ ಜಾಸ್ತಿ ಇಟ್ಟಿದ್ದಾರೆ. ನಿನ್ನೆ ಮಲಗುವ ಕೋಣೆಯ ಪರದೆಯಿಂದ ಒಂದು ಚಿಟ್ಟೆ ಎದ್ದು ಕಿಟಕಿಗೆ ಬಡಿದುಕೊಳ್ಳುತ್ತಿತ್ತು. ಇದು ಬೇರೆ ಜಾತಿ. ಮುಚ್ಚಿದಾಗ ಸುಟ್ಟ ಕಾಗದದ ಹಾಗೆ. ಬಿಚ್ಚಿದರೆ ಕಿತ್ತಳೆ ಬಣ್ಣ, ಅಂಚಿಗೆ ಸಾಲಾಗಿ ನೀಲಿ ಚುಕ್ಕೆ. ಕಿಟಕಿ ತೆಗೆದು ಬಿಟ್ಟುಬಿಡು ಅಂತ ಮಗ ಹೇಳಿದ. ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ನನಗೆ ಕೈ ಬರಲಿಲ್ಲ.

ಏನು ಮಾಡಲಿ? ಆ ಬೇಲಿಯವೆಲ್ಲ ಎಲ್ಲಿಗೆ ಹೋದವು? ಸತ್ತೇ ಹೋದವಾ?

ಲೀಡ್ಸ್‌ನವ

ಅಮ್ಮಾ, ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು. ನೀವು ಹೇಳಿದ್ದು ಸ್ಮಾಲ್ ಟಾರ್ಟಾಯ್ಸ್‌ಶೆಲ್. ಅದು ದಾರಿ ತಪ್ಪಿ ಬಂದಿದ್ದಲ್ಲ, ಚಳಿಗಾಲ ಕಳೆಯಲು ಬಂದಿದ್ದು. ಬೇಸಿಗೆಯ ಕೊನೆಗೇ ಮನೆಯೊಳಗೆ ಸೇರಿಕೊಂಡು ನಿದ್ದೆ ಹೋಗುತ್ತವೆ. ಆಗ ಕೋಣೆ ತಣ್ಣಗಿರುತ್ತದೆ. ಹೀಟರ್ ಹಾಕಿದಾಗ ವಸಂತ ಬಂತು ಅಂದುಕೊಂಡು ಏಳುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಸುಮ್ನೆ ಹಾರಾಡಿ ಖರ್ಚಾಗುತ್ತದೆ. ಮಾರ್ಚ್‌ವರೆಗೆ ಅಷ್ಟೇ ಅದರ ಬುತ್ತಿ.

ಒಂದು ರಟ್ಟಿನ ಡಬ್ಬಿಯಲ್ಲಿ ಮೆಲ್ಲಗೆ ಹಿಡಿದು ಅರ್ಧ ಗಂಟೆ ತಣ್ಣನೆ ಜಾಗದಲ್ಲಿಡಿ. ಅದು ಸುಮ್ಮನಾಗುತ್ತದೆ. ಆಮೇಲೆ ಹೀಟರ್ ಇಲ್ಲದ ಶೆಡ್ಡೋ ಗ್ಯಾರೇಜೋ ಇದ್ದರೆ ಅಲ್ಲಿನ ಗೋಡೆಗೆ ಬಿಡಿ. ಒಣ ಜಾಗ ಇರಬೇಕು. ಮುಖ್ಯವಾಗಿ ವಸಂತದಲ್ಲಿ ಹೊರಗೆ ಹೋಗಲು ಒಂದು ಸಂದು ಬೇಕು, ಇಲ್ಲದಿದ್ದರೆ ಎದ್ದ ಮೇಲೆ ಅಲ್ಲೇ ಸಾಯುತ್ತದೆ.

ಇಲ್ಲಿ ಸುಮಾರು 59 ಜಾತಿ ಚಿಟ್ಟೆಗಳಿವೆ. ಹೆಚ್ಚಿನವು ಚಳಿಗಾಲವನ್ನು ಮೊಟ್ಟೆಯಾಗಿಯೋ ಹುಳವಾಗಿಯೋ ಗೂಡಿನೊಳಗೋ ಕಳೆಯುತ್ತವೆ. ರೆಕ್ಕೆ ಬಂದ ಚಿಟ್ಟೆಯಾಗಿಯೇ ಚಳಿ ದಾಟುವುದು ಐದು ಜಾತಿ ಮಾತ್ರ. ನಿಮ್ಮ ಪರದೆಯದು ಒಂದು. ಪೀಕಾಕ್, ಕಾಮಾ, ಬ್ರಿಮ್‌ಸ್ಟೋನ್ ಮೂರು. ಐದನೆಯದು ನಿಮ್ಮ ಬೇಲಿಯ ರೆಡ್ ಅಡ್ಮಿರಲ್. ಅವುಗಳಲ್ಲಿ ಹಲವು ಶರತ್ಕಾಲದಲ್ಲಿ ಸಮುದ್ರ ದಾಟಿ ಯುರೋಪಿನ ದಕ್ಷಿಣಕ್ಕೆ ಹಾರುತ್ತವೆ. ಈಚೆಗೆ ಚಳಿ ಕಡಿಮೆ ಆಗಿ, ದಕ್ಷಿಣ ಇಂಗ್ಲೆಂಡಿನಲ್ಲೇ ಉಳಿಯುವವು ಹೆಚ್ಚಾಗಿವೆ. ಹಾಗಾಗಿ ಜನವರಿಯಲ್ಲೂ ಒಳ್ಳೆ ಬಿಸಿಲು ಬಿದ್ದ ದಿನ ಆ ಗೋಡೆ ನೋಡುತ್ತಿರಿ. ಬೇಲಿಯ ಐವಿಯನ್ನು ಮಾತ್ರ ಕತ್ತರಿಸಲು ಬಿಡಬೇಡಿ. ಬ್ರಿಮ್‌ಸ್ಟೋನ್ ಅದರ ಎಲೆಗಳ ನಡುವೆಯೇ ಎಲೆಯ ಹಾಗೆ ಮಲಗುತ್ತದೆ. ನಮ್ಮ ರಸ್ತೆಯಲ್ಲಿ ಒಬ್ಬರು ಪ್ರತಿ ಅಕ್ಟೋಬರ್‌ನಲ್ಲಿ ಹೂವಿದ್ದಾಗಲೇ ಸವರುತ್ತಾರೆ. ನೋಡಿ ತುಂಬಾ ಬೇಜಾರಾಗುತ್ತದೆ.

ಗಿಲಿಗಿಚ್ಚಿ

ಸಾಗರದಮ್ಮ, ನಾನು ಶಿರಸಿಯಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಚಿಟ್ಟೆಗಳ ಜಾತ್ರೆ ನಡೆಯುತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹೋದ ಬ್ಲೂ ಟೈಗರ್, ಕ್ರೋ ಚಿಟ್ಟೆಗಳ ಸಂತತಿ ಅಕ್ಟೋಬರ್, ನವೆಂಬರ್‌ಗೆ ವಾಪಸ್ ಬರುತ್ತದೆ. ಬೀಜ ಒಣಗಿದರೆ ಗಿಲಿಗಿಲಿ ಅನ್ನುತ್ತದಲ್ಲ, ಆ ಗಿಡಕ್ಕೆ ಹತ್ತಾರು ಒಟ್ಟಿಗೆ ಜೋತುಬಿದ್ದಿರುತ್ತವೆ. ಗಂಡುಗಳು ಅದರ ರಸದಿಂದಲೇ ಹೆಣ್ಣನ್ನು ಒಲಿಸುವ ವಾಸನೆ ಮಾಡಿಕೊಳ್ಳುವುದು. ಅವೂ ವಲಸೆ, ನಿಮ್ಮ ಕೆಂಡದ ಪಟ್ಟಿಯವೂ ವಲಸೆ. ಒಂದಕ್ಕೆ ಮಳೆ ತಾಳದು, ಇನ್ನೊಂದಕ್ಕೆ ಚಳಿ.

ಶೆಡ್‌ನಲ್ಲಿ ಜೇಡ ಇದೆಯಾ ನೋಡಿ. ಇಲಿ ಇದ್ದರೂ ಕಷ್ಟ.

ಸಾಗರದಮ್ಮ

ಇಬ್ಬರಿಗೂ ತುಂಬಾ ಧನ್ಯವಾದ. ಮೊಮ್ಮಗಳ ಶೂ ಡಬ್ಬಿಯಲ್ಲಿ ಹಿಡಿದೆವು. ನನ್ನ ಕೈ ನಡುಗುತ್ತಿತ್ತು, ಅವಳೇ ಮುಚ್ಚಳ ಹಾಕಿದಳು. ಹಿತ್ತಿಲ ಶೆಡ್‌ನಲ್ಲಿ ಜೇಡರ ಬಲೆ ತುಂಬಿತ್ತು. ಮೊದಲು ಪೊರಕೆ ಹಿಡಿದು ಎಲ್ಲ ತೆಗೆದೆ. ಬಾಗಿಲ ಮೇಲೆ ಎರಡು ಬೆರಳಿನಷ್ಟು ಸಂದಿದೆ, ಮಗ ಅದನ್ನು ಮುಚ್ಚಬೇಕು ಅಂತಿದ್ದ. ಏಪ್ರಿಲ್‌ವರೆಗೆ ಮುಟ್ಟಬೇಡ ಅಂದಿದ್ದೇನೆ.

ಡಬ್ಬಿ ತೆಗೆದಾಗ ಚಿಟ್ಟೆ ಅಲುಗಾಡಲಿಲ್ಲ. ಸತ್ತಿತೇನೋ ಅಂತ ಎದೆ ಧಸಕ್ಕಂದಿತು. ಗೋಡೆಯ ಹಲಗೆಗೆ ತಾಗಿಸಿದಾಗ ಒಂದೊಂದೇ ಕಾಲು ಊರಿ ಮೇಲೆ ಹತ್ತಿತು. ಸೂರಿನ ಮೂಲೆಗೆ ಹೋಗಿ ತಲೆಕೆಳಗಾಗಿ ನಿಂತಿತು. ಇವತ್ತು ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದೆ, ಅದೇ ಜಾಗದಲ್ಲಿದೆ. ಗೊತ್ತಿಲ್ಲದವರಿಗೆ ಮರದ ಸಿಪ್ಪೆ ಅನ್ನಿಸಬೇಕು.

ಫೆಬ್ರವರಿಯಲ್ಲಿ ನಾನು ಊರಿಗೆ ಹೊರಡಬೇಕು. ಅದು ಹಾರುವುದನ್ನು ನೋಡುವ ಪಾಲು ಮೊಮ್ಮಗಳದು. ನೋಡಿದ ದಿನ ಇಲ್ಲೇ ಬರೆ ಅಂತ ಹೇಳಿದ್ದೇನೆ. ಅವಳು ಈಗಷ್ಟೇ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ, ಒತ್ತಕ್ಷರ ಇನ್ನೂ ಬರುವುದಿಲ್ಲ. ಬರೆದರೆ ದಯವಿಟ್ಟು ಯಾರಾದರೂ ಅವಳಿಗೆ ಉತ್ತರ ಕೊಡಿ.